ಕಂಪೌಂಡಿನೊಳಗಿನ ಹಸಿರು, ರಸ್ತೆಯ ಮೇಲಿನ ಬಿಸಿಲು: ಮಂಗಳೂರಿನ ಹಸಿರು–ಆರೋಗ್ಯ ಸಂಶೋಧನೆ ಎಲ್ಲಿ ಎಡವುತ್ತದೆ

ಡಿಸೆಂಬರ್ ತಿಂಗಳ ಉಪಗ್ರಹ ಚಿತ್ರದಲ್ಲಿ ಮಂಗಳೂರನ್ನು ನೋಡಿದವರು ಇಲ್ಲಿ ಹಸಿರಿಗೆ ಬರ ಎಂದು ಹೇಳಲಾರರು. ಬಿಜೈ, ಕದ್ರಿ, ಬೆಂದೂರು, ಜೆಪ್ಪು, ಪದವಿನಂಗಡಿ, ಎಲ್ಲಿ ನೋಡಿದರೂ ತೆಂಗು, ಮಾವು, ಹಲಸಿನ ತಲೆಗಳೇ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹಂಪನಕಟ್ಟೆಯಿಂದ ಕಂಕನಾಡಿಯವರೆಗೆ ಕಾಲ್ನಡಿಗೆಯಲ್ಲಿ ಹೋದವರ ಅನುಭವ ಬೇರೆ. ಮರಗಳು ಕಂಪೌಂಡಿನ ಒಳಗಿವೆ, ನಡೆಯುವವರು ಹೊರಗಿದ್ದಾರೆ. ಬಸ್ಸಿಗೆ ಕಾಯುವ ಹೆಂಗಸು, ತರಕಾರಿ ಗಾಡಿಯವರು, ಶಾಲೆ ಬಿಟ್ಟು ಬರುವ ಮಕ್ಕಳು ಕರೆಂಟು ಕಂಬದ ನೆರಳಿನಲ್ಲೂ ಸಾಲು ನಿಲ್ಲುತ್ತಾರೆ.

ನಗರದ ಹಸಿರು ಮತ್ತು ಜನರ ಆರೋಗ್ಯದ ಸಂಬಂಧವನ್ನು ಹಿಡಿದು ಪಿಎಚ್.ಡಿ. ಮಾಡಹೊರಡುವವರು ಸಮುದಾಯ ವೈದ್ಯಶಾಸ್ತ್ರದಿಂದ ಬರಬಹುದು, ಭೂಗೋಳದಿಂದ, ಸಿವಿಲ್ ಎಂಜಿನಿಯರಿಂಗ್‌ನಿಂದ, ಸಮಾಜಕಾರ್ಯದಿಂದಲೂ ಬರಬಹುದು. ಯಾರೇ ಬಂದರೂ ಯುರೋಪಿನ ಅಳತೆಗೋಲನ್ನು ಹಾಗೆಯೇ ತಂದು ಇಲ್ಲಿನ ವಾರ್ಡುಗಳ ಮೇಲೆ ಇಟ್ಟರೆ ಉತ್ತರ ತಪ್ಪಾಗುತ್ತದೆ. ಅಲ್ಲಿ ಹಸಿರು ಎಂದರೆ ಬಹುಮಟ್ಟಿಗೆ ಸಾರ್ವಜನಿಕ ಪಾರ್ಕು ಮತ್ತು ಸಾಲುಮರ. ಕರಾವಳಿಯಲ್ಲಿ ಹಸಿರಿನ ದೊಡ್ಡ ಪಾಲು ಖಾಸಗಿ ಹಿತ್ತಿಲು. ಆದ್ದರಿಂದ ಇಲ್ಲಿನ ಸಂಶೋಧನೆ ಮೊದಲು ಅಳೆಯಬೇಕಾದದ್ದು ಯಾರ ಹಸಿರು ಯಾರ ಕಾಲಿಗೆ ಎಟಕುತ್ತದೆ ಎಂಬುದನ್ನು. ಹಸಿರಿನ ಒಟ್ಟು ಮೊತ್ತದ ಲೆಕ್ಕ ಆಮೇಲಿನದು.

ಹೊರದೇಶಗಳ ಪುರಾವೆ ಹೇಳುವುದೇನು

ಈ ವಿಷಯದಲ್ಲಿ ಎಲ್ಲರೂ ಮೊದಲು ಉಲ್ಲೇಖಿಸುವುದು ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ಮಂದಿಯನ್ನು 23 ಜೋಡಿ ಮಾಡಿ ಹೋಲಿಸಲಾಯಿತು. ಜೋಡಿಯ ಒಬ್ಬರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಇನ್ನೊಬ್ಬರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಗಳಲ್ಲಿ. ಬಲವಾದ ನೋವು ನಿವಾರಕಗಳೂ ಮರ ಕಂಡವರಿಗೆ ಕಡಿಮೆ ಸಾಕಾದವು. ಅಚ್ಚುಕಟ್ಟಾದ ಅಧ್ಯಯನ, ಆದರೆ ಬಹಳ ಚಿಕ್ಕದು.

2019ರಲ್ಲಿ ಬಂದ ಒಂದು ಮೆಟಾ-ವಿಶ್ಲೇಷಣೆ ಏಳು ದೇಶಗಳ ಒಂಬತ್ತು ಅಧ್ಯಯನಗಳನ್ನು, ಅಂದರೆ 80 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟುಗೂಡಿಸಿತು. ಮನೆಯ ಸುತ್ತ 500 ಮೀಟರ್ ಒಳಗೆ ಸಸ್ಯ ಸೂಚ್ಯಂಕ (ಉಪಗ್ರಹ ಚಿತ್ರದಿಂದ ಲೆಕ್ಕ ಹಾಕುವ ಹಸಿರಿನ ಅಳತೆ) 0.1ರಷ್ಟು ಹೆಚ್ಚಿದ್ದಲ್ಲಿ ಸಾವಿನ ಅಪಾಯ ಸುಮಾರು ಶೇ. 4 ಕಡಿಮೆ ಎಂದು ಕಂಡುಬಂತು. ಆ ಏಳರಲ್ಲಿ ಏಷ್ಯಾದ ದೇಶ ಚೀನಾ ಒಂದೇ. ಅದೇ ವರ್ಷ ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯಲ್ಲಿ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚೆಂದು ತಿಳಿಯಿತು. ಆರೋಗ್ಯವಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂಬ ಸಾಧ್ಯತೆಯನ್ನು ಒಂದೇ ಬಾರಿ ಪ್ರಶ್ನೆ ಕೇಳುವ ಸಮೀಕ್ಷೆ ತಳ್ಳಿಹಾಕಲಾರದು. ಈ ಮಿತಿ ಮಂಗಳೂರಿನ ಪ್ರಬಂಧಕ್ಕೂ ಅನ್ವಯಿಸುತ್ತದೆ.

ಯೋಜನೆಯ ಭಾಷೆಯಲ್ಲಿ ಈಗ ಕೇಳಿಬರುವ 3-30-300 ಸೂತ್ರವನ್ನು 2021ರಲ್ಲಿ ಮುಂದಿಟ್ಟವರು ಸೆಸಿಲ್ ಕೊನೈನೆಂಡಿಕ್. ಪ್ರತಿ ಮನೆಯಿಂದ ಮೂರು ಮರ ಕಾಣಬೇಕು, ಬಡಾವಣೆಯ ಶೇ. 30 ಭಾಗದ ಮೇಲೆ ಮರದ ಚಪ್ಪರ ಇರಬೇಕು, 300 ಮೀಟರ್ ಒಳಗೆ ಹಸಿರು ತಾಣ ಸಿಗಬೇಕು ಎಂಬುದು ಅದರ ಸಾರ. ಮಂಗಳೂರಿನ ಹಳೆಯ ಬಡಾವಣೆಗಳು ಮೊದಲ ಎರಡರಲ್ಲಿ ಸುಲಭವಾಗಿ ಪಾಸಾಗುತ್ತವೆ. ಎಡವುವುದು ಮೂರನೆಯದರಲ್ಲಿ.

ಎರಡೂವರೆ ಸೆಂಟ್ಸ್‌ನ ಚುಕ್ಕೆ

ಸಸ್ಯ ಸೂಚ್ಯಂಕ, ಅಂದರೆ ಎನ್‌ಡಿವಿಐ, ಈ ಸಂಶೋಧನೆಗಳ ಬೆನ್ನೆಲುಬು. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಇನ್‌ಫ್ರಾರೆಡ್ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ದಟ್ಟ ಮರದಲ್ಲಿ ಕೆಂಪು 0.05, ಇನ್‌ಫ್ರಾರೆಡ್ 0.40 ಇದ್ದರೆ ಉತ್ತರ 0.78. ಮುರಕಲ್ಲಿನ ಬೋಳು ಪಾದೆಯಲ್ಲಿ ಅವು 0.20 ಮತ್ತು 0.28 ಇದ್ದರೆ 0.17.

ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡೂವರೆ ಸೆಂಟ್ಸ್ ಜಾಗ. ಆರು ಮೀಟರ್ ರಸ್ತೆ ಅಂಥ ಒಂದು ಚುಕ್ಕೆಯೊಳಗೆ ಮುಳುಗಿಹೋಗುತ್ತದೆ. ಬದಿಯ ಕಂಪೌಂಡಿನ ಮಾವಿನಮರದ ಹಸಿರು ರಸ್ತೆಯ ಲೆಕ್ಕಕ್ಕೂ ಸೇರುತ್ತದೆ, ಅದರ ನೆರಳು ರಸ್ತೆಗೆ ಬೀಳದಿದ್ದರೂ.

ಇಲ್ಲಿ ಆಗುವ ಒಂದು ತಪ್ಪು ಇಡೀ ಪ್ರಬಂಧವನ್ನೇ ಕೆಡಿಸಬಲ್ಲದು. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳ ಸಂಸ್ಕರಣೆ ಬದಲಾಯಿತು. ಚಿತ್ರದಲ್ಲಿ ಬೆಳಕಿನ ಪ್ರಮಾಣವನ್ನು 10,000ದಿಂದ ಗುಣಿಸಿ ಬರೆದಿರುತ್ತದೆ, 0.05 ಅಲ್ಲಿ 500. ಈಗ ಪ್ರತಿ ಚುಕ್ಕೆಯ ಆ ಸಂಖ್ಯೆಗೆ 1,000 ಕೂಡಿಸಿ ಕೊಡಲಾಗುತ್ತದೆ, ಬಳಸುವವರು ಅದನ್ನು ಕಳೆದು ಲೆಕ್ಕ ಮಾಡಬೇಕು. ಕಳೆಯದಿದ್ದರೆ ಏನಾಗುತ್ತದೆ? ಮೇಲಿನ ಮರದ ಕೆಂಪು 500 ಇದ್ದದ್ದು 1,500 ಆಗುತ್ತದೆ, ಇನ್‌ಫ್ರಾರೆಡ್ 4,000 ಇದ್ದದ್ದು 5,000. ಸೂಚ್ಯಂಕ 0.78ರಿಂದ 0.54ಕ್ಕೆ ಕುಸಿಯುತ್ತದೆ. 2020 ಮತ್ತು 2024ರ ಚಿತ್ರಗಳನ್ನು ಹೀಗೆ ಅಕ್ಕಪಕ್ಕ ಇಟ್ಟರೆ ಒಂದು ಮರವೂ ಬೀಳದ ಬಡಾವಣೆಯಲ್ಲೂ ನಾಲ್ಕು ವರ್ಷದಲ್ಲಿ ಹಸಿರು ನಾಶವಾಯಿತೆಂದು ಕಾಣುತ್ತದೆ. ಉಪಗ್ರಹ ಚಿತ್ರಗಳನ್ನು ಅಂತರ್ಜಾಲದಲ್ಲೇ ವಿಶ್ಲೇಷಿಸುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಈ ವ್ಯತ್ಯಾಸ ಸರಿಪಡಿಸಿದ ‘ಹಾರ್ಮನೈಸ್ಡ್’ ಸಂಗ್ರಹವೇ ಬೇರೆ ಇದೆ, ಅದನ್ನೇ ಆರಿಸಿಕೊಳ್ಳಬೇಕು. ಬೇರೆ ಕಡೆಯಿಂದ ಚಿತ್ರ ಇಳಿಸಿಕೊಂಡವರು ಅದರ ಜತೆಗಿನ ಮಾಹಿತಿ ಕಡತವನ್ನು ತೆರೆದು ನೋಡಬೇಕು.

ಋತುವಿನ ವಿಚಾರವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾರಣ ಬಳಸಬಹುದಾದ ಚಿತ್ರ ಸಿಗುವುದೇ ಅಪರೂಪ. ನವೆಂಬರ್‌ನಲ್ಲಿ ಗುಡ್ಡೆಯ ಹುಲ್ಲೆಲ್ಲ ಹಸಿರು, ಮಾರ್ಚ್ ಹೊತ್ತಿಗೆ ಅದೇ ಗುಡ್ಡೆ ಕಂದು. ಒಂದು ವರ್ಷದ ನವೆಂಬರನ್ನು ಇನ್ನೊಂದು ವರ್ಷದ ಏಪ್ರಿಲ್ ಜತೆ ಹೋಲಿಸಿದರೆ ಅಳೆದದ್ದು ಹುಲ್ಲು ಒಣಗುವುದನ್ನು. ಪ್ರತಿ ವರ್ಷವೂ ಡಿಸೆಂಬರ್–ಫೆಬ್ರವರಿ ನಡುವಿನ ಎಲ್ಲ ಮೋಡರಹಿತ ಚಿತ್ರಗಳ ಮಧ್ಯಾಂಕ (ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆದುಕೊಳ್ಳುವುದು ಸುರಕ್ಷಿತ. ಸೂಚ್ಯಂಕ 0.8 ದಾಟಿದ ಮೇಲೆ ತೆಂಗಿನ ತೋಟಕ್ಕೂ ದಟ್ಟ ಕಾಡಿಗೂ ವ್ಯತ್ಯಾಸ ಕಾಣುವುದಿಲ್ಲ. ಅಕೇಶಿಯ ನೆಡುತೋಪೂ ಹೊನ್ನೆ, ಹಲಸು, ಹೆಬ್ಬಲಸಿನ ಮಿಶ್ರ ತೋಪೂ ಅದಕ್ಕೆ ಒಂದೇ.

ಕಾಣುವ ಹಸಿರು, ಹೋಗಬಹುದಾದ ಹಸಿರು, ಹೋಗುವ ಹಸಿರು

ಹಾಗಾಗಿ ಉಪಗ್ರಹದ ಸಂಖ್ಯೆಯೊಂದನ್ನೇ ನಂಬದೆ ಮೂರು ಅಳತೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಮೊದಲನೆಯದು ಕಣ್ಣಿಗೆ ಕಾಣುವ ಹಸಿರು: ಮನೆಯ ಕಿಟಕಿ, ಜಗಲಿ, ಫ್ಲ್ಯಾಟಿನ ಬಾಲ್ಕನಿಯಿಂದ ಎಷ್ಟು ಮರ ಕಾಣುತ್ತವೆ ಎಂಬ ಎಣಿಕೆ. ಎರಡನೆಯದು ಹೋಗಲು ಹಕ್ಕಿರುವ ಹಸಿರು. ಮೂರನೆಯದು ಜನ ನಿಜವಾಗಿ ಹೋಗುವ ಹಸಿರು.

ನಾಗಬನ ಮೊದಲನೆಯದಕ್ಕೆ ಸೇರುತ್ತದೆ, ಎರಡನೆಯದಕ್ಕೆ ಸೇರುವುದಿಲ್ಲ. ಮರ, ಬಳ್ಳಿ, ತಂಪು ಎಲ್ಲ ಇರುವ ಆ ಐದು-ಹತ್ತು ಸೆಂಟ್ಸ್ ಜಾಗಕ್ಕೆ ಯಾರೂ ವಾಕಿಂಗ್ ಹೋಗುವುದಿಲ್ಲ, ಹೋಗಬಾರದು ಕೂಡ. ಅದರ ಉಪಕಾರ ಸುತ್ತಲಿನ ತಂಪಿಗೆ, ಹಕ್ಕಿಗೆ, ಬಾವಿಯ ನೀರಿಗೆ. ಅದನ್ನು ಪಾರ್ಕಿನ ಲೆಕ್ಕದಲ್ಲಿ ಸೇರಿಸುವುದು ತಪ್ಪು, ಪೂರ್ತಿ ಬಿಟ್ಟುಬಿಡುವುದು ಇನ್ನೂ ದೊಡ್ಡ ತಪ್ಪು. ಪ್ರತ್ಯೇಕ ಕಾಲಂ ಬೇಕು.

ಅತ್ತ ದೇವಸ್ಥಾನದ ಗದ್ದೆ, ಇಗರ್ಜಿಯ ಮೈದಾನ, ಶಾಲೆಯ ಆಟದ ಬಯಲು ನಕ್ಷೆಯಲ್ಲಿ ಪಾರ್ಕು ಎಂದು ಬರುವುದಿಲ್ಲ, ಆದರೆ ಸಂಜೆ ಜನ ನಡೆಯುವುದು ಅಲ್ಲೇ. ಕದ್ರಿ ಪಾರ್ಕ್, ಬಾವುಟಗುಡ್ಡೆಯ ಟಾಗೋರ್ ಪಾರ್ಕ್, ಮಣ್ಣಗುಡ್ಡೆಯ ಗಾಂಧಿ ಪಾರ್ಕ್, ಕಾವೂರು ಕೆರೆಯ ದಂಡೆ, ಪಣಂಬೂರು ಮತ್ತು ತಣ್ಣೀರುಬಾವಿಯ ಕಡಲತೀರ, ಇವುಗಳ ಪಟ್ಟಿ ಮಾಡಿ ಮುಗಿಸಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ.

300 ಮೀಟರ್ ಎಂಬ ದೂರವನ್ನೂ ಕಾಲಿನಿಂದ ಅಳೆಯಬೇಕು. ನಕ್ಷೆಯಲ್ಲಿ ಮನೆಯ ಸುತ್ತ 300 ಮೀಟರ್ ವೃತ್ತ ಎಳೆದರೆ ಸುಮಾರು 70 ಎಕ್ರೆ ಜಾಗ ಒಳಗೆ ಬೀಳುತ್ತದೆ. ಗುಡ್ಡ-ಬೈಲಿನ ಈ ಊರಿನಲ್ಲಿ ಆ ವೃತ್ತದೊಳಗಿನ ಪಾರ್ಕಿಗೆ ಹೋಗಲು ಗುಡ್ಡ ಇಳಿದು ಸುತ್ತು ಬಳಸಿ 800 ಮೀಟರ್ ನಡೆಯಬೇಕಾಗಬಹುದು, ನಡುವೆ ನಾಲ್ಕು ಪಥದ ಹೆದ್ದಾರಿ ದಾಟಬೇಕಾಗಬಹುದು. ಮಂಡಿನೋವಿನ 65 ವರ್ಷದವರಿಗೆ ಆ ಪಾರ್ಕ್ ಇಲ್ಲದ ಹಾಗೆಯೇ. ರಸ್ತೆ ಜಾಲದ ಮೇಲಿನ ದೂರ, ಏರು ಎಷ್ಟು, ಫುಟ್‌ಪಾತ್ ಇದೆಯೇ, ಗೇಟು ಎಷ್ಟು ಗಂಟೆಗೆ ತೆರೆದು ಎಷ್ಟಕ್ಕೆ ಬೀಗ ಬೀಳುತ್ತದೆ, ಇವನ್ನೆಲ್ಲ ಬರೆದುಕೊಂಡಾಗ ಮಾತ್ರ ಎರಡನೆಯ ಅಳತೆ ಪೂರ್ತಿಯಾಗುತ್ತದೆ.

ಮೂರನೆಯ ಅಳತೆಗೆ ಪಾರ್ಕಿನಲ್ಲಿ ನಿಂತು ಎಣಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಪಾರ್ಕನ್ನು ನಾಲ್ಕೈದು ಭಾಗ ಮಾಡಿ, ದಿನಕ್ಕೆ ನಾಲ್ಕು ಹೊತ್ತು, ಒಂದು ಬದಿಯಿಂದ ಇನ್ನೊಂದು ಬದಿಗೆ ಒಮ್ಮೆ ಮಾತ್ರ ಕಣ್ಣಾಡಿಸಿ ಎಣಿಸಬೇಕು: ಮಗು, ಹರೆಯದವರು, ನಡುವಯಸ್ಕರು, ಹಿರಿಯರು; ಗಂಡು, ಹೆಣ್ಣು; ಕೂತವರು, ನಡೆಯುವವರು, ಓಡುವವರು. ವಾರದ ದಿನವೂ ಬೇಕು, ಭಾನುವಾರವೂ ಬೇಕು. ಬೆಳಗ್ಗೆ ಆರಕ್ಕೆ ಮಾತ್ರ ಹೋದರೆ ಸಿಗುವವರು ನಿವೃತ್ತರು ಮತ್ತು ಸಕ್ಕರೆ ಕಾಯಿಲೆಗೆ ವೈದ್ಯರು ನಡೆಯಲು ಹೇಳಿದವರು. ಅಷ್ಟನ್ನೇ ನೋಡಿದವರಿಗೆ ‘ಪಾರ್ಕಿಗೆ ಹೋಗುವವರಲ್ಲಿ ಮಧುಮೇಹ ಹೆಚ್ಚು’ ಎಂಬ ಅಂಕಿ ಸಿಕ್ಕರೆ ಆಶ್ಚರ್ಯವಿಲ್ಲ.

ಸೆಕೆಯನ್ನು ಅಳೆಯುವುದು

ಘಟ್ಟದ ಮೇಲೆ ಮರ ತಂಪು ಕೊಡುವ ಬಗೆಗೂ ಕರಾವಳಿಯಲ್ಲಿ ಕೊಡುವ ಬಗೆಗೂ ಅಂತರವಿದೆ. ಒಣ ಹವೆಯಲ್ಲಿ ಎಲೆಯಿಂದ ನೀರು ಆವಿಯಾಗಿ ಗಾಳಿಯೇ ತಣ್ಣಗಾಗುತ್ತದೆ. ತೇವಾಂಶ ತುಂಬಿದ ಇಲ್ಲಿನ ಗಾಳಿಯಲ್ಲಿ ಆ ಲಾಭ ಕಡಿಮೆ, ನೆರಳಿನ ಲಾಭವೇ ದೊಡ್ಡದು. ಸಾಮಾನ್ಯ ಥರ್ಮಾಮೀಟರಿನಿಂದ ಮರದ ಕೆಳಗೂ ಬಿಸಿಲಲ್ಲೂ ಗಾಳಿಯ ಉಷ್ಣತೆ ನೋಡಿದರೆ ಒಂದೆರಡು ಡಿಗ್ರಿ ವ್ಯತ್ಯಾಸ ಸಿಗಬಹುದು, ಮರದಿಂದ ಏನೂ ಪ್ರಯೋಜನವಿಲ್ಲ ಎಂದು ಬರೆದುಬಿಡುವ ಅಪಾಯವಿದೆ. ಮೈಗೆ ತಾಗುವ ಬಿಸಿಲಿನ ಕಾವನ್ನು ಹಿಡಿಯಲು ಕಪ್ಪು ಗೋಳದ ಥರ್ಮಾಮೀಟರ್ ಬೇಕು. 150 ಮಿಲಿಮೀಟರ್ ವ್ಯಾಸದ, ಹೊಳಪಿಲ್ಲದ ಕಪ್ಪು ಬಳಿದ ತಾಮ್ರದ ಗೋಳದೊಳಗೆ ಸಂವೇದಕ ಇಟ್ಟರೆ ಸೂರ್ಯನಿಂದಲೂ ಕಾದ ಕಾಂಕ್ರೀಟಿನಿಂದಲೂ ಬರುವ ಕಾವು ಅದರಲ್ಲಿ ದಾಖಲಾಗುತ್ತದೆ. ನೆರಳಿಗೂ ಬಿಸಿಲಿಗೂ ಹತ್ತು ಡಿಗ್ರಿ ಮೀರಿದ ಅಂತರ ಅದು ತೋರಿಸಬಲ್ಲದು. ಸ್ಥಿರವಾಗಲು 15–20 ನಿಮಿಷ ಬೇಕು. ಐದೇ ನಿಮಿಷಕ್ಕೆ ಓದಿಕೊಂಡು ಮುಂದಿನ ಜಾಗಕ್ಕೆ ಓಡಿದರೆ ಹಿಂದಿನ ಜಾಗದ ಕಾವೇ ಬರೆದಂತಾಗುತ್ತದೆ.

ಗಾಳಿಯ ಉಷ್ಣತೆ, ತೇವಾಂಶದ ಲಾಗರ್‌ಗಳನ್ನು ನೆಲದಿಂದ ಒಂದೂವರೆ–ಎರಡು ಮೀಟರ್ ಎತ್ತರದಲ್ಲಿ, ಬಿಳಿ ತಟ್ಟೆಗಳ ಕವಚದೊಳಗೆ, ಹತ್ತು ನಿಮಿಷಕ್ಕೊಮ್ಮೆ ದಾಖಲಿಸುವಂತೆ ಇಡಬೇಕು. ಕೆಲಸ ಶುರುವಾಗುವ ಮೊದಲು ಒಂದು ವಾರ ಎಲ್ಲವನ್ನೂ ಒಂದೇ ಜಾಗದಲ್ಲಿ ಅಕ್ಕಪಕ್ಕ ಇಟ್ಟು ಪರಸ್ಪರ ವ್ಯತ್ಯಾಸ ಬರೆದಿಡಬೇಕು, ಮುಗಿದ ಮೇಲೆ ಮತ್ತೊಮ್ಮೆ. ಕಡಲ ಸಮೀಪದ ಉಪ್ಪುಗಾಳಿ ಸಂವೇದಕಗಳನ್ನು ಬೇಗ ತಿನ್ನುತ್ತದೆ, ಎರಡನೆಯ ಹೋಲಿಕೆ ಬಿಟ್ಟರೆ ಅದು ಗೊತ್ತೇ ಆಗುವುದಿಲ್ಲ.

ಗಾಳಿಯಲ್ಲಿನ ಅತಿ ಸೂಕ್ಷ್ಮ ಧೂಳಿನ ಕಣಗಳನ್ನು (ಪಿಎಂ 2.5) ಅಳೆಯುವ ಅಗ್ಗದ ಸಂವೇದಕಗಳ ತೊಂದರೆ ಇನ್ನೂ ಗಂಭೀರ. ಅವು ಬೆಳಕನ್ನು ಚದುರಿಸಿ ಕಣ ಎಣಿಸುತ್ತವೆ. ತೇವಾಂಶ ಶೇ. 80ರ ಸುಮಾರಿಗೆ ಏರಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಯಂತ್ರ ಹೆಚ್ಚು ಮಾಲಿನ್ಯ ತೋರಿಸುತ್ತದೆ. ಮಂಗಳೂರಿನ ಮುಂಜಾವಿನಲ್ಲಿ ಅಷ್ಟು ತೇವಾಂಶ ಸಾಮಾನ್ಯ. ಹೀಗಾಗಿ ಬೆಳಗ್ಗಿನ ಪಾರ್ಕು ಮಧ್ಯಾಹ್ನದ ಹೆದ್ದಾರಿಗಿಂತ ಕೊಳಕು ಎಂಬ ಅಂಕಿ ಬರಬಹುದು. ಕದ್ರಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರವಿದೆ. ಅನುಮತಿ ಪಡೆದು ಸಂವೇದಕಗಳನ್ನು ಅದರ ಪಕ್ಕ ಎರಡು–ಮೂರು ವಾರ ಓಡಿಸಿ, ತೇವಾಂಶಕ್ಕೆ ತಕ್ಕ ತಿದ್ದುಪಡಿ ಸೂತ್ರ ತಯಾರಿಸಿಕೊಂಡ ಮೇಲಷ್ಟೇ ಪಾರ್ಕಿಗೆ ಒಯ್ಯಬೇಕು.

ಹಸಿರಿನ ಇನ್ನೊಂದು ಮುಖವನ್ನು ಮುಚ್ಚಿಡಲೂಬಾರದು. ಮಲೇರಿಯಾದ ನುಸಿ ಇಲ್ಲಿ ಬೆಳೆಯುವುದು ಹೆಚ್ಚಾಗಿ ಬಾವಿ, ಓವರ್‌ಹೆಡ್ ಟ್ಯಾಂಕ್, ಕಟ್ಟಡ ಕೆಲಸದಲ್ಲಿ ನಿಂತ ನೀರಿನಲ್ಲಿ. ಡೆಂಗಿ ಹರಡುವ ನುಸಿಗೆ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲು ಹಿಡಿಯುವ ಕಪ್, ಹೂಕುಂಡದ ತಟ್ಟೆ, ಮರದ ಪೊಟರೆ ಸಾಕು. ಜೂನ್‌ನಿಂದಾಚೆಗೆ ಸಮೀಕ್ಷೆಯ ಪ್ರತಿ ಮನೆಯಲ್ಲೂ ನೀರು ನಿಂತ ಪಾತ್ರೆ ಎಷ್ಟು, ಮರಿಹುಳು ಇರುವುದು ಎಷ್ಟರಲ್ಲಿ ಎಂದು ಎಣಿಸಿ, ನೂರು ಮನೆಗೆ ಇಷ್ಟು ಎಂದು ಲೆಕ್ಕ ಹಾಕಬೇಕು. ಹಿತ್ತಿಲ ಹಸಿರಿನಿಂದ ಮನಸ್ಸಿಗೆ ಆದ ಒಳಿತನ್ನು ಡೆಂಗಿ ಜ್ವರ ಎಷ್ಟು ಕಿತ್ತುಕೊಂಡಿತು ಎಂಬ ಪ್ರಶ್ನೆಗೆ ಲಂಡನ್ನಿನ ಮಾಹಿತಿ ಉತ್ತರ ಕೊಡದು.

ಆರೋಗ್ಯದ ಕಡೆಯ ಲೆಕ್ಕ

ಆಸ್ಪತ್ರೆಯ ದಾಖಲೆ ಕೈಗೆ ಸುಲಭವಾಗಿ ಸಿಗುತ್ತದೆ ಎಂದು ಅದರಿಂದಲೇ ಶುರು ಮಾಡುವವರಿದ್ದಾರೆ. ಮಂಗಳೂರಿಗೆ ಚಿಕಿತ್ಸೆಗೆ ಬರುವವರು ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಿಂದೆಲ್ಲ ಬರುತ್ತಾರೆ. ಚೀಟಿಯಲ್ಲಿ ಬರೆದಿರುವುದು ಹಲವು ಸಲ ಊರಿನ ನೆಂಟರ ವಿಳಾಸ. ಆ ವಿಳಾಸದ ಸುತ್ತಲಿನ ಹಸಿರಿಗೂ ರೋಗಿಯ ದೇಹಕ್ಕೂ ಸಂಬಂಧವೇ ಇರುವುದಿಲ್ಲ. ಮನೆಮನೆ ಸಮೀಕ್ಷೆಯೇ ಗತಿ, ಅದೂ ಅದೇ ಮನೆಯಲ್ಲಿ ಐದು ವರ್ಷವಾದರೂ ನೆಲೆಸಿರುವವರದು.

ಇಲ್ಲಿನ ವಿಶೇಷ ತೊಡಕೊಂದಿದೆ. ದೊಡ್ಡ ಹಿತ್ತಿಲಿನ ಹಂಚಿನ ಮನೆಗಳಲ್ಲಿ ಈಗ ಉಳಿದಿರುವವರು ಹಿರಿಯರು. ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್‌ನಲ್ಲಿ. ವಯಸ್ಸಿನ ಲೆಕ್ಕ ಸರಿಪಡಿಸದೆ ನೋಡಿದರೆ ಹೆಚ್ಚು ಹಸಿರಿನ ವಾರ್ಡಿನಲ್ಲಿ ರಕ್ತದೊತ್ತಡ, ಒಂಟಿತನ, ಖಿನ್ನತೆ ಹೆಚ್ಚೆಂದು ಬರುತ್ತದೆ. ಇನ್ನೊಂದು ಬದಿಯಲ್ಲಿ, ಜಗಲಿಯಲ್ಲಿ ಕೂತು ದಿನವಿಡೀ ಬೀಡಿ ಕಟ್ಟುವ ಹೆಂಗಸರು. ಕಣ್ಣೆದುರು ಹಲಸಿನ ಮರವಿರುತ್ತದೆ, ಮೂಗಿಗೆ ಹೊಗೆಸೊಪ್ಪಿನ ಧೂಳು, ಸೊಂಟಕ್ಕೆ ಆರೇಳು ಗಂಟೆಯ ಕೂರಾಟ. ಉದ್ಯೋಗ, ಕೂರುವ ಹೊತ್ತು, ಒಂಟಿ ವಾಸ, ಆದಾಯ, ಹೊಗೆಸೊಪ್ಪಿನ ಬಳಕೆ ಪ್ರಶ್ನಾವಳಿಯಲ್ಲಿ ಇಲ್ಲದಿದ್ದರೆ ಎಷ್ಟು ಸೊಗಸಾದ ಸಂಖ್ಯಾಶಾಸ್ತ್ರವೂ ಪ್ರಬಂಧವನ್ನು ಉಳಿಸದು.

ಎಷ್ಟು ಜನ ಬೇಕು? 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಹಸಿರು ಕಡಿಮೆಯಿರುವಲ್ಲಿ ಶೇ. 35.5, ಹೆಚ್ಚಿರುವಲ್ಲಿ ಶೇ. 25.5 ಎಂದು ಊಹಿಸಿಕೊಂಡರೆ, ಆ ವ್ಯತ್ಯಾಸ ನಿಜವಾಗಿ ಇದ್ದಾಗ ನೂರಕ್ಕೆ ಎಂಬತ್ತು ಸಲ ಅದನ್ನು ಹಿಡಿಯುವ ಸಾಮರ್ಥ್ಯಕ್ಕೆ ಪ್ರತಿ ಗುಂಪಿಗೆ 329 ಜನ ಬೇಕು. ಒಂದೊಂದು ಕಡೆ 20 ಮನೆಯಂತೆ ಗೊಂಚಲಾಗಿ ಆರಿಸುವುದರಿಂದ, ಒಂದೇ ಓಣಿಯವರ ಹೋಲಿಕೆಯ ಪ್ರಮಾಣ 0.05 ಎಂದಿಟ್ಟುಕೊಂಡು, 1.95ರಿಂದ ಗುಣಿಸಬೇಕು: 642. ನೂರಕ್ಕೆ ಹದಿನೈದು ಮಂದಿ ಒಪ್ಪುವುದಿಲ್ಲ ಅಥವಾ ಸಿಗುವುದಿಲ್ಲ: 756. ಎರಡು ಗುಂಪಿಗೆ 1,500 ದಾಟಿತು. ವ್ಯತ್ಯಾಸ ಹತ್ತರ ಬದಲು ಐದೇ ಅಂಶ ಇದ್ದರೆ ಇದೇ ಲೆಕ್ಕ 6,300 ಮೀರುತ್ತದೆ. ನೂರಿನ್ನೂರು ಜನರ ಸಮೀಕ್ಷೆ ಮಾಡಿ ‘ಹಸಿರಿಗೂ ಆರೋಗ್ಯಕ್ಕೂ ಸಂಬಂಧ ಕಂಡುಬರಲಿಲ್ಲ’ ಎಂದು ಬರೆಯುವುದು ಏಕೆ ಅನ್ಯಾಯ ಎಂಬುದು ಇದರಿಂದ ಗೊತ್ತಾಗುತ್ತದೆ.

ಐದು ನಿಮಿಷ ಕೂರಿಸಿ, ಚಾ ಕುಡಿದಿದ್ದರೆ ಅರ್ಧ ಗಂಟೆ ಕಾದು, ತೋಳಿಗೆ ಸರಿಯಾದ ಪಟ್ಟಿ ಕಟ್ಟಿ, ಮೂರು ಸಲ ಒತ್ತಡ ನೋಡಿ, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ತೆಗೆಯುವಂತಿದ್ದರೆ ಒಬ್ಬರು ದಿನಕ್ಕೆ ಏಳು ಮನೆ ಮುಗಿಸಿಯಾರು. 1,500 ಮನೆಗೆ 214 ದಿನ. ಮಳೆಗಾಲ ಬಿಟ್ಟು ಅಕ್ಟೋಬರ್‌ನಿಂದ ಮೇ ತನಕದ ಒಂದು ಋತುವಿನಲ್ಲಿ ಒಬ್ಬರೇ ಇದನ್ನು ಮಾಡಲಾರರು. ಭಾನುವಾರ ಬೆಳಗ್ಗೆ ಪೂಜೆ, ಶುಕ್ರವಾರ ಮಧ್ಯಾಹ್ನ ನಮಾಜು, ಕೋಲ-ನೇಮ-ಜಾತ್ರೆಯ ತಿಂಗಳುಗಳಲ್ಲಿ ಮನೆಗೇ ಬೀಗ. ಕನಿಷ್ಠ ಇಬ್ಬರು ಸಹಾಯಕರ ವೆಚ್ಚವನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮೊದಲ ವರ್ಷ ಕೋರ್ಸ್‌ವರ್ಕ್, ನಕ್ಷೆ ಮತ್ತು ಜನರ ಮೇಲಿನ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆಗೆ ಹೋಗುತ್ತದೆ. ಆ ಒಪ್ಪಿಗೆ ಕೈಗೆ ಬರುವ ಮೊದಲು ಒಂದೇ ಒಂದು ಮನೆಯ ಸಂದರ್ಶನವನ್ನೂ ಮಾಡುವಂತಿಲ್ಲ, ಆಮೇಲೆ ಪಡೆದ ಒಪ್ಪಿಗೆ ಹಿಂದಿನದಕ್ಕೆ ಅನ್ವಯಿಸುವುದಿಲ್ಲ.

ಭಾಷೆಯ ವಿಷಯದಲ್ಲಿ ಉದಾಸೀನ ಬೇಡ. ಪ್ರಶ್ನಾವಳಿ ಕನ್ನಡದಲ್ಲಿರುತ್ತದೆ, ಉತ್ತರ ತುಳು, ಕೊಂಕಣಿ, ಬ್ಯಾರಿಯಲ್ಲಿ ಬರುತ್ತದೆ. ‘ಹಸಿರು ಪ್ರದೇಶ’ ಎಂದು ಕೇಳಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ತೋಟ’ ಎಂದರೆ ಅಡಿಕೆ ತೋಟ. ‘ಮನೆಯ ಹೊರಗೆ, ಮರದ ನೆರಳಿರುವ ಜಾಗದಲ್ಲಿ ಕಳೆದ ಏಳು ದಿನಗಳಲ್ಲಿ ಎಷ್ಟು ಹೊತ್ತು ಇದ್ದಿರಿ’ ಎಂದು ಕೇಳಿ, ಹತ್ತಿರದ ನಾಲ್ಕೈದು ಜಾಗಗಳ ಫೋಟೊ ತೋರಿಸಿದರೆ ಉತ್ತರ ಸರಿಯಾಗಿ ಬರುತ್ತದೆ. ಪ್ರತಿ ಭಾಷೆಗೂ ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ಹಿಂದಕ್ಕೆ ಕನ್ನಡಕ್ಕೆ ತಂದು, ಎರಡನ್ನೂ ಕೂತು ಹೋಲಿಸಬೇಕು. ಪ್ರಬಂಧದ ನಕ್ಷೆಯಲ್ಲಿ ಮನೆಗಳ ಚುಕ್ಕೆ ಇದ್ದ ಹಾಗೆ ಮುದ್ರಿಸುವುದೂ ಸಲ್ಲದು. ಮೂರೆಕ್ರೆ ಹಿತ್ತಿಲ ನಡುವಿನ ಒಂಟಿ ಚುಕ್ಕೆ ಯಾರ ಮನೆ ಎಂದು ಊರಿಗೆಲ್ಲ ಗೊತ್ತು.

ಮೊದಲು ಮತ್ತು ಆಮೇಲೆ

ಒಮ್ಮೆ ಕೇಳಿ ಬಿಡುವ ಸಮೀಕ್ಷೆಗಿಂತ ಬಲವಾದದ್ದು ಬದಲಾವಣೆಯ ಮುಂಚೆಯೂ ಆಮೇಲೂ ಅಳೆಯುವ ಅಧ್ಯಯನ. ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು: ಕೆಲವನ್ನು ಸ್ವಚ್ಛಗೊಳಿಸಿ ಹುಲ್ಲು, ಮರ ನೆಟ್ಟರು, ಕೆಲವನ್ನು ಸ್ವಚ್ಛ ಮಾತ್ರ ಮಾಡಿದರು, ಉಳಿದವನ್ನು ಹಾಗೆಯೇ ಬಿಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹಸಿರಾದ ನಿವೇಶನಗಳ ಸುತ್ತ ಖಿನ್ನತೆಯ ಭಾವನೆ ಹೇಳಿಕೊಳ್ಳುವವರ ಪ್ರಮಾಣ ಏನೂ ಮಾಡದ ಕಡೆಗಿಂತ ಶೇ. 41.5ರಷ್ಟು ಇಳಿದಿತ್ತು. ಸ್ವಚ್ಛತೆ ಮಾತ್ರ ಮಾಡಿದಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ.

ಪಿಎಚ್.ಡಿ. ವಿದ್ಯಾರ್ಥಿಗೆ ಅಷ್ಟು ನಿವೇಶನ ಸಿಗದಿದ್ದರೂ ಬದಲಾವಣೆಗಳು ನಗರದಲ್ಲಿ ತಾವಾಗಿ ಆಗುತ್ತಲೇ ಇರುತ್ತವೆ. ಕೆರೆಯ ದಂಡೆಗೆ ನಡಿಗೆ ಹಾದಿ ಬರುತ್ತದೆ, ರಸ್ತೆ ಅಗಲವಾಗುತ್ತದೆ, ಬುಡದವರೆಗೂ ಇಂಟರ್‌ಲಾಕ್ ಹಾಸಿದ ಮರ ಮೂರ್ನಾಲ್ಕು ವರ್ಷದಲ್ಲಿ ಸೊರಗುತ್ತದೆ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ಇಲ್ಲಿನ ಒಂದು ಫುಟ್‌ಪಾತಿನಲ್ಲಿ ಅಷ್ಟು ಮಾತ್ರ ಕಿತ್ತು ಮಣ್ಣು ಬಿಟ್ಟು, ಪಕ್ಕದ ಫುಟ್‌ಪಾತನ್ನು ಹಾಗೆಯೇ ಬಿಟ್ಟು, ಎರಡು ಬೇಸಿಗೆ ನೆರಳಿನ ವ್ಯಾಪ್ತಿ ಮತ್ತು ಗೋಳದ ಉಷ್ಣತೆ ಅಳೆದರೂ ಅದೊಂದು ಗಟ್ಟಿ ಅಧ್ಯಾಯ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿಯಿಂದ ಕೊಡಲಿಯವರೆಗೆ ಸಿಗುವ ಸಮಯ ಕೆಲವು ವಾರಗಳದ್ದಿರಬಹುದು. ಕಾಂಡದ ಮೇಲೆ ಬಣ್ಣದ ನಂಬರು ಕಂಡ ವಾರವೇ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಬರೆದುಕೊಳ್ಳಬೇಕು, ಚಪ್ಪರದ ಹರವನ್ನು ಉದ್ದ-ಅಡ್ಡ ಎರಡು ದಿಕ್ಕಿನಲ್ಲಿ ಅಳೆಯಬೇಕು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಗೋಳದ ಥರ್ಮಾಮೀಟರ್ ಇಡಬೇಕು, ಕೆಳಗೆ ಬಸ್ಸಿಗೆ ನಿಲ್ಲುವವರನ್ನು ಎಣಿಸಬೇಕು, ಎದುರು ಮನೆ-ಅಂಗಡಿಗಳವರ ರಕ್ತದೊತ್ತಡ, ನಿದ್ದೆ, ನಡಿಗೆಯ ಪ್ರಶ್ನೆಗಳನ್ನು ಮುಗಿಸಬೇಕು. ಇದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಜೇಬಿನಲ್ಲಿರಬೇಕು. ಮರ ಉರುಳಿದ ಮರುದಿನ ಹೋದವರಿಗೆ ಸಿಗುವುದು ‘ಆಮೇಲೆ’ಯ ಅಂಕಿ ಮಾತ್ರ.